ನಾವೇ ಕೇಳಿಸಿಕೊಳ್ಳದ ಹಾಡಿಗೆ ತಿಂಗಳಿಗೆ 30 ರೂಪಾಯಿ

ಹೋದ ತಿಂಗಳು ತಿಪಟೂರಿಗೆ ಹೋದಾಗ ಎರಡು ಪ್ಯಾಂಟಿನ ಉದ್ದ ಕಮ್ಮಿ ಮಾಡಿಸೋಣ ಅಂತ ಗೆಳೆಯನ ಟೈಲರ್ ಅಂಗಡಿಗೆ ಹೋಗಿದ್ದೆ. ಅವನ ಮಷಿನ್ ಪಕ್ಕದ ಹಲಗೆಯ ಮೇಲೆ ಒಂದು ಹಳೇ ಫೋನು. ಅದಕ್ಕೆ ಬೆಳಿಗ್ಗೆಯಿಂದ ರಾತ್ರಿವರೆಗೆ ಚಾರ್ಜರ್ ಚುಚ್ಚಿಯೇ ಇರುತ್ತದೆ. ಯೂಟ್ಯೂಬಲ್ಲಿ ಹಳೇ ಕನ್ನಡ ಸಿನಿಮಾ ಹಾಡುಗಳು ಒಂದರ ಹಿಂದೆ ಒಂದು ಬರುತ್ತಿರುತ್ತವೆ. ಸ್ಕ್ರೀನ್ ಆಫ್ ಮಾಡಿದರೆ ಹಾಡು ನಿಂತುಹೋಗುತ್ತಲ್ಲ, ಅದಕ್ಕೆ ಬೆಳಕು ಪೂರ್ತಿ ಇಳಿಸಿ, ಫೋನ್ ಮಲಗದ ಹಾಗೆ ಏನೋ ಸೆಟ್ಟಿಂಗ್ ಹಾಕಿಟ್ಟಿದ್ದಾನೆ. ನಡುವೆ ಜಾಹೀರಾತು ಬಂದರೆ ಕತ್ತರಿ ಹಿಡಿದ ಕೈಯ ಕಿರುಬೆರಳಲ್ಲೇ ಸ್ಕಿಪ್. ತಲೆ ಕೂಡ ಎತ್ತಲ್ಲ.

ಮಾತಿಗೆ ಮಾತು ಬಂದು, ನಾನು ಹಾಡಿನ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೇನೆ ಅಂದೆ. ಮಷಿನ್ ನಿಲ್ಲಿಸಿ ನನ್ನ ಮುಖ ನೋಡಿದ.

"ಹಾಡಿಗೆ ದುಡ್ಡಾ? ತಲೆ ಕೆಟ್ಟಿದ್ಯೇನೋ ನಿಂಗೆ?"

ಅಂಗಡಿಯಲ್ಲಿ ಕೂತಿದ್ದ ಇನ್ನಿಬ್ಬರೂ ನಕ್ಕರು. ನನಗೂ ಒಂಥರಾ ನಾಚಿಕೆ ಆಯಿತು. ಬೆಂಗಳೂರಿಗೆ ಹೋಗಿ ಕೆಟ್ಟೋದ ಅನ್ನೋ ನಗು ಅದು, ಊರು ಬಿಟ್ಟವರಿಗೆ ಗೊತ್ತಿರುತ್ತದೆ.

ಆಮೇಲೆ ನೆನಪಾಯಿತು. ಇದೇ ಪುಣ್ಯಾತ್ಮ 2008ರ ಸುಮಾರಿಗೆ ತನ್ನ ನಂಬರಿಗೆ ಕಾಲರ್ ಟ್ಯೂನ್ ಹಾಕಿಸಿಕೊಂಡಿದ್ದ. ತಿಂಗಳಿಗೆ 30 ರೂಪಾಯಿ. ಹಾಡು ಬದಲಿಸಬೇಕು ಅಂದರೆ ಅದಕ್ಕೆ ಬೇರೆ ದುಡ್ಡು. ನಾವೆಲ್ಲ 10 ರೂಪಾಯಿ ರೀಚಾರ್ಜ್ ಮಾಡಿಸಿಕೊಂಡು, ಮಿಸ್ ಕಾಲ್ ಕೊಟ್ಟುಕೊಂಡೇ ಜೀವನ ನಡೆಸುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಮೂರು ವರ್ಷ ಬಿಡದೆ 30 ರೂಪಾಯಿ ಕಟ್ಟಿದ. ಅದೂ ಎಂಥ ಹಾಡಿಗೆ? ಅವನ ಕಿವಿಗೇ ಬೀಳದ ಹಾಡಿಗೆ! ಫೋನ್ ಮಾಡಿದವರಿಗೆ ಕೇಳಿಸುತ್ತಿತ್ತು, ಇವನಿಗಲ್ಲ. ಹೊಸ ಹಾಡು ಹಾಕಿಸಿದ ದಿನ ನನ್ನ ಫೋನ್ ಕಿತ್ತುಕೊಂಡು ತನ್ನ ನಂಬರಿಗೆ ತಾನೇ ಮಾಡಿ, ಎತ್ತದೆ, ಕಿವಿಗಿಟ್ಟುಕೊಂಡು ಕೇಳುತ್ತಿದ್ದ.

ಇದನ್ನು ಹೇಳಿದೆ. ಈಗ ಎಲ್ಲರೂ ಅವನನ್ನು ನೋಡಿ ನಕ್ಕರು.

ಅದಕ್ಕೇ, "ನಮ್ಮ ಜನ ಹಾಡಿಗೆ ದುಡ್ಡು ಕೊಡಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ನಂಬಿಕೆ ಬರಲ್ಲ. ಈ ಆ್ಯಪ್ ಕಂಪನಿಗಳೂ ಇದನ್ನೇ ಹೇಳುತ್ತಾ ಬಂದಿವೆ, ಬರೆಯುವವರೂ ಇದನ್ನೇ ಬರೆಯುತ್ತಾರೆ. ಕೊಟ್ಟಿದ್ದೇವೆ ಸ್ವಾಮಿ, ಬೇಕಾದಷ್ಟು ಕೊಟ್ಟಿದ್ದೇವೆ. ಖಾಲಿ ಕ್ಯಾಸೆಟ್ ಕೊಂಡು, ನೋಟ್‌ಬುಕ್ ಹಾಳೆಯಲ್ಲಿ ಹಾಡಿನ ಪಟ್ಟಿ ಬರೆದು ಕ್ಯಾಸೆಟ್ ಅಂಗಡಿಯವನಿಗೆ ಕೊಟ್ಟರೆ, ಎರಡು ದಿನ ಬಿಟ್ಟು ಬಾ ಅಂತ ಹೇಳಿ ರೆಕಾರ್ಡ್ ಮಾಡಿಕೊಡುತ್ತಿದ್ದ. ಒಂದು ಬದಿಯ ಕೊನೆಯ ಹಾಡು ಯಾವಾಗಲೂ ಅರ್ಧಕ್ಕೆ ಕತ್ತರಿಸಿರುತ್ತಿತ್ತು. ಆಮೇಲೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸೋದು ಬಂತು. ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಕಂಪ್ಯೂಟರ್ ಇಟ್ಟುಕೊಂಡು ಬೆಳಿಗ್ಗೆಯಿಂದ ಸಂಜೆ ತನಕ ಅದೇ ಕೆಲಸ ಮಾಡುತ್ತಿದ್ದ. "ಹಳೇದಾ ಹೊಸದಾ? ಭಕ್ತಿಗೀತೆ ಬೇಕಾ?" ಅಂತ ಎರಡೇ ಪ್ರಶ್ನೆ. ಐವತ್ತು ರೂಪಾಯಿಗೆ ಕಾರ್ಡ್ ತುಂಬ ಹಾಡು. ಎಲ್ಲ ಕಳ್ಳ ಮಾಲೇ ಬಿಡಿ, ಹಾಡು ಮಾಡಿದವರಿಗೆ ಒಂದು ಪೈಸೆಯೂ ಹೋಗುತ್ತಿರಲಿಲ್ಲ. ಆದರೆ ನಮ್ಮ ಜೇಬಿಂದ ಮಾತ್ರ ಹೋಗುತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ ರೇಡಿಯೋ. ನಮ್ಮ ಮನೆಯ ಟ್ರಂಕಿನಲ್ಲಿ ತಾತನ ಕಾಲದ ರೇಡಿಯೋ ಲೈಸೆನ್ಸ್ ಪುಸ್ತಕ ಇನ್ನೂ ಇದೆ. ಈಗಿನ ಹುಡುಗರಿಗೆ ಹೇಳಿದರೆ ನಂಬಲ್ಲ. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಶುಲ್ಕ ಕಟ್ಟಿ, ಪುಸ್ತಕಕ್ಕೆ ಸ್ಟಾಂಪ್ ಅಂಟಿಸಿ ಸೀಲ್ ಹಾಕಿಸಿಕೊಂಡು ಬರಬೇಕು. ಎಂಬತ್ತರ ದಶಕದಲ್ಲಿ ಸರ್ಕಾರ ಇದನ್ನು ತೆಗೆದುಹಾಕಿತು. ಅಂದರೆ ನಮ್ಮ ತಾತ ಚಂದಾದಾರನೇ! ಜೊತೆಗೆ ತಮಾಷೆ ನೋಡಿ, ವಿವಿಧ ಭಾರತಿಯಲ್ಲಿ 1967ರಿಂದಲೇ ಜಾಹೀರಾತು ಶುರುವಾಗಿತ್ತು. ಚಂದಾನೂ ಕಟ್ಟಬೇಕು, ಜಾಹೀರಾತೂ ಕೇಳಬೇಕು. ಅದರ ಬಗ್ಗೆ ತಾತ ಗೊಣಗಿದ್ದು ನನಗಂತೂ ನೆನಪಿಲ್ಲ.

ಹಾಗಾದರೆ ಈ ಪುಕ್ಕಟೆ ಅನ್ನೋದು ಎಲ್ಲಿಂದ ಬಂತು? ನನಗೆ ಅನಿಸೋದು, ಅದು ನಾವು ಕೇಳಿ ಪಡೆದದ್ದಲ್ಲ. ಈ ಹಾಡಿನ ಆ್ಯಪ್‌ನವರೇ ತಂದು ಕೈಗಿಟ್ಟಿದ್ದು. ಸಾವನ್ 2007ರಲ್ಲಿ ಹುಟ್ಟಿತು, ಗಾನಾ 2010ರಲ್ಲಿ, ಏರ್‌ಟೆಲ್‌ನವರ ವಿಂಕ್ 2014ರಲ್ಲಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾನೇ ನೀರಿನ ಹಾಗೆ ಹರಿಸಿದ ಮೇಲೆ ಮೆಮೊರಿ ಕಾರ್ಡ್ ತುಂಬಿಸುವವನ ಅಂಗಡಿಯಲ್ಲಿ ಫೋನಿನ ಕವರ್ ಮಾರಾಟ ಶುರುವಾಯಿತು. ಎಲ್ಲರದೂ ಒಂದೇ ಲೆಕ್ಕ. ಮೊದಲು ಬಿಟ್ಟಿ ಕೊಡೋಣ, ಜನ ಅಭ್ಯಾಸ ಮಾಡಿಕೊಳ್ಳಲಿ, ಜಾಹೀರಾತಿನ ದುಡ್ಡು ಬರುತ್ತೆ, ಆಮೇಲೆ ನೋಡಿಕೊಳ್ಳೋಣ. ಅಲ್ಲಿಯವರೆಗೆ ಖರ್ಚಿಗೆ ಹೂಡಿಕೆದಾರರ ದುಡ್ಡು, ಇಲ್ಲಾ ಟೆಲಿಕಾಂ ಕಂಪನಿಯ ದುಡ್ಡು.

ಜಾಹೀರಾತಿನ ದುಡ್ಡು ಬರಲಿಲ್ಲ. ಬಂದರೂ ಸಾಲಲಿಲ್ಲ. ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಹಾಡಿನ ಆ್ಯಪ್‌ಗಳಲ್ಲಿ ಲೋಕದ ದೊಡ್ಡ ಕಂಪನಿ ಸ್ಪಾಟಿಫೈನ 2024ರ ಲೆಕ್ಕ ನೋಡಿ. ವರ್ಷದ ಕೊನೆಗೆ ತಿಂಗಳಿಗೆ 67.5 ಕೋಟಿ ಜನ ಕೇಳುತ್ತಿದ್ದರು. ಅದರಲ್ಲಿ ದುಡ್ಡು ಕೊಡುವವರು 26.3 ಕೋಟಿ. ಉಳಿದವರೆಲ್ಲ, ಅಂದರೆ ಅರ್ಧಕ್ಕಿಂತ ಜಾಸ್ತಿ ಜನ, ಜಾಹೀರಾತು ಕೇಳಿಸಿಕೊಂಡು ಪುಕ್ಕಟೆ ಕೇಳುವವರು. ಆ ವರ್ಷ ಬಂದ ಒಟ್ಟು ಆದಾಯ ಸುಮಾರು 1,567 ಕೋಟಿ ಯೂರೋ, ಅದರಲ್ಲಿ ಜಾಹೀರಾತಿನದು ಬರೀ 185 ಕೋಟಿ. ನೂರಕ್ಕೆ 12 ಅಷ್ಟೇ. ನಾನು ಕ್ಯಾಲ್ಕುಲೇಟರ್ ಹಿಡಿದು ಭಾಗಿಸಿ ನೋಡಿದೆ. ಪುಕ್ಕಟೆ ಕೇಳುವ ಒಬ್ಬನಿಂದ ಇಡೀ ವರ್ಷಕ್ಕೆ ನಾಲ್ಕೂವರೆ ಯೂರೋ ಕೂಡ ಬಂದಿಲ್ಲ. ದುಡ್ಡು ಕೊಡುವ ಒಬ್ಬ ಅವನಂಥ ಸುಮಾರು ಹನ್ನೆರಡು ಜನಕ್ಕೆ ಸಮ. 2008ರಲ್ಲಿ ಶುರುವಾದ ಈ ಸೇವೆ ಇಡೀ ವರ್ಷ ಲಾಭ ಮಾಡಿದ್ದು ಮೊದಲ ಸಲ 2024ರಲ್ಲಿ. ಹದಿನಾರು ವರ್ಷ!

ಅದೂ ಲೋಕದ ಸರಾಸರಿ. ಜಾಹೀರಾತಿನ ಬೆಲೆ ಎಲ್ಲ ಕಡೆ ಒಂದೇ ಇರಲ್ಲ. ಅಮೆರಿಕದವನ ಕಿವಿಗೆ ಬೀಳುವ ಮೂವತ್ತು ಸೆಕೆಂಡಿಗೆ ಇರುವ ರೇಟು ನಮ್ಮ ಕಿವಿಗೆ ಇಲ್ಲ. ಇದು 2009ರಲ್ಲೇ ಗೊತ್ತಾಗಿತ್ತು. ಆಗ ಲಾಸ್ಟ್.ಎಫ್‌ಎಂ ಅಂತ, ಇಂಟರ್ನೆಟ್ಟಲ್ಲಿ ರೇಡಿಯೋ ಥರ ಹಾಡು ಕೇಳಿಸುವ ಒಂದು ಸೇವೆ ಇತ್ತು, ನಮ್ಮ ಪಿಜಿಯ ಹುಡುಗರೆಲ್ಲ ಕೇಳುತ್ತಿದ್ದೆವು. ಅವರು ಅಮೆರಿಕ, ಬ್ರಿಟನ್, ಜರ್ಮನಿಗೆ ಮಾತ್ರ ರೇಡಿಯೋ ಪುಕ್ಕಟೆ ಇಟ್ಟು, ಬೇರೆ ದೇಶದವರಿಗೆ ತಿಂಗಳಿಗೆ 3 ಯೂರೋ ಮಾಡಿದರು. ಕಾರಣ ಸರಳ. ಜಾಹೀರಾತು ಮಾರುವ ಜನ ಅವರಿಗೆ ಇದ್ದದ್ದು ಆ ಮೂರು ದೇಶಗಳಲ್ಲೇ. ಉಳಿದ ಕಡೆ ಕೇಳುಗ ಹೆಚ್ಚಾದಷ್ಟೂ ನಷ್ಟ, ಯಾಕೆಂದರೆ ಪ್ರತಿ ಹಾಡು ಓಡಿದಾಗಲೂ ಹಾಡಿನ ಕಂಪನಿಗೆ ದುಡ್ಡು ಕೊಡಬೇಕು.

ಈ ಕೊನೆಯ ಮಾತೇ ಮುಖ್ಯ. ಜನ ಹೆಚ್ಚಾದರೆ ವ್ಯಾಪಾರ ಬೆಳೆಯಬೇಕು ಅಲ್ವಾ? ಇಲ್ಲಿ ಖರ್ಚೂ ಬೆಳೆಯುತ್ತದೆ. ಗಾನಾ ಒಂದು ಕಾಲಕ್ಕೆ ತಿಂಗಳಿಗೆ 15 ಕೋಟಿ ಕೇಳುಗರು ಅಂತ ಹೇಳಿಕೊಳ್ಳುತ್ತಿತ್ತು. 2022ರಲ್ಲಿ ಪುಕ್ಕಟೆ ನಿಲ್ಲಿಸಿ, ದುಡ್ಡು ಕಟ್ಟಿದವರಿಗೆ ಮಾತ್ರ ಅಂತ ಮಾಡಿತು. 2023ರ ಕೊನೆಗೆ, ಗಾನಾ ಶುರು ಮಾಡಿದ ಟೈಮ್ಸ್ ಗುಂಪಿನದೇ ರೇಡಿಯೋ ಕಂಪನಿ ಅದನ್ನು 25 ಲಕ್ಷ ರೂಪಾಯಿಗೆ ತೆಗೆದುಕೊಂಡಿತು. ಕೋಟಿ ಅಲ್ಲ, ಲಕ್ಷ. ಬೆಂಗಳೂರಲ್ಲಿ ಆ ದುಡ್ಡಿಗೆ ಒಂದು ಒಳ್ಳೇ ಸೈಟೂ ಬರಲ್ಲ. ಟಿಕ್‌ಟಾಕ್ ಮಾಡಿದ ಬೈಟ್‌ಡ್ಯಾನ್ಸ್‌ನವರ ಹಾಡಿನ ಆ್ಯಪ್ ರೆಸ್ಸೊ ಕೂಡ 2023ರಲ್ಲಿ ಪುಕ್ಕಟೆ ನಿಲ್ಲಿಸಿ, 2024ರ ಜನವರಿ ಮುಗಿಯೋ ಹೊತ್ತಿಗೆ ಭಾರತದಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಏರ್‌ಟೆಲ್ ಕೂಡ ವಿಂಕ್ ಮುಚ್ಚುವುದಾಗಿ ಹೇಳಿ ಆ್ಯಪಲ್ ಜೊತೆ ಸೇರಿಕೊಂಡಿತು.

ನನ್ನದೂ ಒಂದು ಆ್ಯಪ್ ಹೀಗೇ ಹೋಯಿತು, ಹೆಸರು ಬೇಡ. ಅದರಲ್ಲಿ ನಾನು ಐದಾರು ವರ್ಷದಿಂದ ಒಂದೊಂದೇ ಕೂಡಿಸಿಟ್ಟ ಪಟ್ಟಿ ಇತ್ತು, ನಾನೂರು ಚಿಲ್ಲರೆ ಹಾಡು. ಭಾವಗೀತೆ, ದಾಸರ ಪದ, ನಮ್ಮಪ್ಪ ಗುನುಗುತ್ತಿದ್ದ ಒಂದಷ್ಟು ಸಿನಿಮಾ ಹಾಡು. ದಿನಾಂಕ ಹೇಳಿ ಮೆಸೇಜು ಬಂದಿತ್ತು, ನಾಳೆ ನೋಡಿಕೊಳ್ಳೋಣ ಅಂತ ಸುಮ್ನೆ ಬಿಟ್ಟೆ. ಆ ದಿನ ತೆಗೆದು ನೋಡಿದರೆ ಏನೂ ಇಲ್ಲ. ಹಾಡುಗಳು ಬೇರೆ ಕಡೆ ಸಿಗುತ್ತವೆ, ಅದಲ್ಲ. ಪಟ್ಟಿ ಹೋಯಿತು. ಯಾವ ಹಾಡುಗಳು ಇದ್ದವು ಅನ್ನೋದೇ ಪೂರ್ತಿ ನೆನಪಿಲ್ಲ. ಆ ಅರ್ಧಕ್ಕೆ ಕತ್ತರಿಸಿದ ಹಾಡಿನ ಕ್ಯಾಸೆಟ್‌ಗಳು ಮಾತ್ರ ಊರಿನ ಮನೆಯ ಅಟ್ಟದ ಮೇಲೆ ಇನ್ನೂ ಇವೆ, ಹಾಕಿ ಕೇಳಲು ಟೇಪ್ ರೆಕಾರ್ಡರ್ ಇಲ್ಲ ಅಷ್ಟೇ.

ಇಷ್ಟೆಲ್ಲ ಆದ ಮೇಲೂ ನಾನು ದುಡ್ಡು ಕಟ್ಟುತ್ತೇನೆ. ಯಾಕೆ ಅಂದರೆ, ನಿಜ ಹೇಳಬೇಕು ಅಂದರೆ, ಕಾಟ ತಡೆಯಲಾಗದೆ. ನನಗೆ ಇದರಲ್ಲಿ ಸಿಟ್ಟು ಬರುವುದು ಇಲ್ಲೇ. ಕ್ಯಾಸೆಟ್‌ಗೆ ದುಡ್ಡು ಕೊಟ್ಟರೆ ಕ್ಯಾಸೆಟ್ ಕೈಗೆ ಬರುತ್ತಿತ್ತು. ಕಾಲರ್ ಟ್ಯೂನ್‌ಗೆ ಕೊಟ್ಟರೆ ಊರಿಗೆಲ್ಲ ನಮ್ಮ ಹಾಡು ಕೇಳುತ್ತಿತ್ತು, ಒಂದು ಗತ್ತು ಇತ್ತು. ಈಗ ಏನು ಬರುತ್ತದೆ? ನಿನ್ನೆವರೆಗೆ ಬಿಟ್ಟಿ ಇದ್ದದ್ದನ್ನು ಒಂದೊಂದಾಗಿ ಕಿತ್ತುಕೊಂಡು, ಅದನ್ನೇ ವಾಪಸ್ ಮಾರುತ್ತಾರೆ. ಸ್ಪಾಟಿಫೈ 2023ರ ಅಕ್ಟೋಬರಿನಲ್ಲಿ ಭಾರತದ ಪುಕ್ಕಟೆ ಕೇಳುಗರಿಗೆ ಹಾಡುಗಳನ್ನು ಬೇಕಾದ ಕ್ರಮದಲ್ಲಿ ಕೇಳೋದು, ಹಿಂದಿನ ಹಾಡಿಗೆ ಹೋಗೋದು, ಹಾಡಿನ ನಡುವೆ ಮುಂದಕ್ಕೆ ಎಳೆಯೋದು, ಅದನ್ನೇ ಮತ್ತೆ ಮತ್ತೆ ಹಾಕೋದು ಎಲ್ಲ ನಿಲ್ಲಿಸಿತು. ಆಮೇಲೆ 2025ರಲ್ಲಿ ಬೇಕಾದ ಹಾಡು ಆರಿಸಿಕೊಳ್ಳಲು ಪುಕ್ಕಟೆ ಕೇಳುಗರಿಗೆ ಮತ್ತೆ ಒಂದಿಷ್ಟು ಸಡಿಲ ಬಿಟ್ಟರು ಅನ್ನಿ. ಹಗ್ಗ ಬಿಗಿ ಮಾಡೋದು, ಸಡಿಲ ಮಾಡೋದು. ಜನ ಎಷ್ಟು ತಡೆಯುತ್ತಾರೆ ಅಂತ ನೋಡೋದು.

ಆಡ್‌ಗಳೂ ಹಾಗೇ. ಕನ್ನಡ ಹಾಡು ಕೇಳುತ್ತಿರುವವನಿಗೆ ಹಿಂದಿಯಲ್ಲಿ ಸಾಲದ ಆ್ಯಪ್‌ನ ಜಾಹೀರಾತು, ಅದೂ ಹಾಡಿಗಿಂತ ಎರಡು ಪಟ್ಟು ಜೋರಾಗಿ. ಅದರ ನಡುವೆ ತಮ್ಮದೇ ಆ್ಯಪ್‌ನ ಜಾಹೀರಾತು ಬೇರೆ, "ಜಾಹೀರಾತು ಇಲ್ಲದೆ ಹಾಡು ಕೇಳಬೇಕೆ?" ಅಂತ. ಕೈ ತಿರುಚಿ ಹಿಡಿದುಕೊಂಡು ನೋವಾಗ್ತಿದ್ಯಾ ಅಂತ ಕೇಳಿದ ಹಾಗೆ.

ಬೆಲೆ ಜಾಸ್ತಿನಾ ಅಂದರೆ, ಅದನ್ನು ಹೇಳಲಾರೆ. ಸ್ಪಾಟಿಫೈ 2019ರಲ್ಲಿ ಇಲ್ಲಿಗೆ ಬಂದಾಗ ತಿಂಗಳಿಗೆ 119 ರೂಪಾಯಿ ಇತ್ತು, 2025ರಲ್ಲಿ 139 ಆಯಿತು. ಯೂಟ್ಯೂಬ್ ಮ್ಯೂಸಿಕ್ ಶುರುವಾದದ್ದು 99ಕ್ಕೆ. ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ ಅಂದರೆ ಹೆಚ್ಚು ಕಮ್ಮಿ ಅಷ್ಟೇ ಆಗುತ್ತದೆ ಈಗ. ಸ್ಪಾಟಿಫೈನವರು ದಿನಕ್ಕೆ 7 ರೂಪಾಯಿ, ವಾರಕ್ಕೆ 25 ರೂಪಾಯಿಯ ಪ್ಯಾಕ್ ಕೂಡ ಮಾಡಿದ್ದರು, ಶಾಂಪೂ ಸ್ಯಾಶೆ ಮಾರುವ ಹಾಗೆ. ಶಾಂಪೂ ಕಂಪನಿಯವರಿಗೆ ನಮ್ಮ ಜನ ಹೇಗೆ ಕೊಳ್ಳುತ್ತಾರೆ ಅಂತ ಎಷ್ಟೋ ವರ್ಷದ ಹಿಂದೆ ಅರ್ಥ ಆಗಿತ್ತು. ಟ್ರೇನಲ್ಲಿ ಊರಿಗೆ ಹೋಗುವ ದಿನ 7 ರೂಪಾಯಿ ಕೊಟ್ಟು ಹಾಡು ಇಳಿಸಿಕೊಂಡು ಹೋಗೋದು ನನಗಂತೂ ನ್ಯಾಯ ಅನಿಸುತ್ತಿತ್ತು. ನಡುವೆ ನೆಟ್‌ವರ್ಕ್ ಬರಲ್ಲ, ಆ ದಾರಿಯಲ್ಲಿ ಓಡಾಡುವವರಿಗೆ ಗೊತ್ತು.

ಇನ್ನೊಂದು ವಿಷಯ ಜನ ಗಮನಿಸಲ್ಲ. ಚಂದಾ ವ್ಯಾಪಾರ ಅರ್ಧ ನಡೆಯೋದೇ ಮರೆವಿನ ಮೇಲೆ. ಕಟ್ಟಿದ್ದು ಮರೆತುಹೋಗಿ ತಿಂಗಳು ತಿಂಗಳು ಕಾರ್ಡಿನಿಂದ ಹೋಗುತ್ತಿರಬೇಕು. ನಮ್ಮಲ್ಲಿ 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕ್ ನಿಯಮ ಬಿಗಿ ಮಾಡಿತು. ದುಡ್ಡು ಕತ್ತರಿಸುವ 24 ಗಂಟೆ ಮೊದಲೇ ತಿಳಿಸಬೇಕು. ಹಾಗಾಗಿ ಪ್ರತಿ ತಿಂಗಳೂ ಮೆಸೇಜು ಬಂದು "ನಾಳೆ ಹೋಗುತ್ತೆ, ಬೇಡ ಅಂದರೆ ಈಗಲೇ ಹೇಳು" ಅನ್ನುತ್ತದೆ. ಪ್ರತಿ ತಿಂಗಳೂ ನಾನು ಒಂದು ನಿಮಿಷ ಯೋಚನೆ ಮಾಡುತ್ತೇನೆ. ಎರಡು ಸಲ ಬೇಡ ಅಂದಿದ್ದೂ ಇದೆ. ಮೂರನೇ ದಿನಕ್ಕೆ ಆ ಸಾಲದ ಆ್ಯಪ್‌ನವನ ದನಿ ಕೇಳಿ ಮತ್ತೆ ಕಟ್ಟಿದೆ.

ಅಮ್ಮನಿಗೂ ಇರಲಿ ಅಂತ ಫ್ಯಾಮಿಲಿ ಪ್ಲಾನ್ ನೋಡಿದೆ. ಎಲ್ಲರೂ ಒಂದೇ ವಿಳಾಸದಲ್ಲಿ ಇರಬೇಕಂತೆ. ಅಮ್ಮ ತಿಪಟೂರಲ್ಲಿ, ನಾನು ಬೆಂಗಳೂರಲ್ಲಿ. ಅಂದರೆ ಅವರ ಲೆಕ್ಕದಲ್ಲಿ ಅಮ್ಮ ನನ್ನ ಫ್ಯಾಮಿಲಿ ಅಲ್ಲ! ಅಮ್ಮನಿಗೆ ಹೇಳಿದೆ. "ಬಿಡೋ, ಆಡ್ ಬರೋಷ್ಟರಲ್ಲಿ ನಾನು ಅನ್ನಕ್ಕೆ ಇಟ್ಟು ಬರ್ತೀನಿ" ಅಂದಳು.

ಕೊಟ್ಟ ದುಡ್ಡು ಹಾಡಿದವರಿಗೆ ಹೋಗುತ್ತದೆ ಅನ್ನೋ ಸಮಾಧಾನವಾದರೂ ಇದೆಯಾ ಅಂದರೆ, ಅದೂ ಪೂರ್ತಿ ಇಲ್ಲ. ಮೂರನೇ ಎರಡು ಭಾಗದಷ್ಟು ಹಾಡಿನ ಹಕ್ಕು ಇಟ್ಟುಕೊಂಡವರಿಗೆ ಹೋಗುತ್ತದೆ, ಅದು ನಿಜ. ಆದರೆ ನಾನು ಕೇಳಿದವರಿಗೆ ಅಲ್ಲ. ದೇಶದ ಚಂದಾ ದುಡ್ಡೆಲ್ಲ ಒಂದೇ ಹಂಡೆಗೆ ಬೀಳುತ್ತದೆ, ಆಮೇಲೆ ಯಾರ ಹಾಡು ಎಷ್ಟು ಸಲ ಓಡಿತು ಅನ್ನೋ ಲೆಕ್ಕದಲ್ಲಿ ಹಂಚುತ್ತಾರೆ. ನಾನು ತಿಂಗಳೆಲ್ಲ ಬರೀ ಭಾವಗೀತೆ ಕೇಳಿದರೂ ನನ್ನ ದುಡ್ಡಿನ ದೊಡ್ಡ ಪಾಲು ನಾನು ಒಂದು ಸಲವೂ ಕೇಳದ ಮುಂಬೈನ ಹಿಟ್ ಹಾಡಿಗೆ. ಸಾಲದು ಅಂತ 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು ವರ್ಷಕ್ಕೆ 1,000 ಸಲವಾದರೂ ಓಡದಿದ್ದರೆ ಅದಕ್ಕೆ ರಾಯಲ್ಟಿಯೇ, ಅಂದರೆ ಹಾಡು ಓಡಿದ್ದಕ್ಕೆ ಸಿಗುವ ಪಾಲೇ, ಇಲ್ಲ. ದೊಡ್ಡ ಹಾಡಿನ ಕಂಪನಿಗಳಿಗೆ ಇದು ಲೆಕ್ಕಕ್ಕಿಲ್ಲ. ಒಂದು ಹಳ್ಳಿಯ ಜನಪದ ತಂಡ ತಾವೇ ರೆಕಾರ್ಡ್ ಮಾಡಿ ಹಾಕಿದ ಸೋಬಾನೆ ಪದಕ್ಕೆ ಸಾವಿರ ಅನ್ನೋದು ದೊಡ್ಡ ಬೆಟ್ಟ. ಸೌಂಡ್‌ಕ್ಲೌಡ್ ಅನ್ನೋ ಇನ್ನೊಂದು ಹಾಡಿನ ಸೇವೆ 2021ರಲ್ಲಿ ಬೇರೆ ದಾರಿ ಹಿಡಿಯಿತು. ಸಣ್ಣ ಕಲಾವಿದರಿಗೆ, ಅವರನ್ನು ಕೇಳಿದವರ ದುಡ್ಡು ಅವರಿಗೇ ಹೋಗುವ ಹಾಗೆ ಲೆಕ್ಕ ಮಾಡಿತು. ಎಲ್ಲರೂ ಯಾಕೆ ಹೀಗೆ ಮಾಡಬಾರದು ಅಂತ ನನ್ನ ತಲೆಗೆ ಹೊಳೆಯಲ್ಲ. ಲೆಕ್ಕ ಕಷ್ಟ ಅನ್ನೋದಾದರೆ, ನಾನು ಮಧ್ಯರಾತ್ರಿ ಯಾವ ಹಾಡು ಎಷ್ಟು ಸಲ ಕೇಳಿದೆ ಅಂತ ವರ್ಷದ ಕೊನೆಗೆ ಬಣ್ಣದ ಚಿತ್ರ ಮಾಡಿ ಕಳಿಸಲು ಬರುತ್ತದಲ್ಲ ಅವರಿಗೆ?

ಹಾಡು ಆ್ಯಪ್‌ನಲ್ಲಿ ಉಳಿಯುತ್ತದೆ ಅನ್ನೋ ಗ್ಯಾರಂಟಿಯೂ ಇಲ್ಲ. ಸ್ಪಾಟಿಫೈ ಇಲ್ಲಿಗೆ ಬಂದ ಹೊಸದರಲ್ಲೇ ಸರೆಗಮ ಕಂಪನಿಯ ಜೊತೆ ಒಪ್ಪಂದ ಕುದುರದೆ ಅವರ ಹಾಡುಗಳೆಲ್ಲ ಹೋಗಿದ್ದವು, 2020ರಲ್ಲಿ ವಾಪಸ್ ಬಂದವು. ಸರೆಗಮ ಅಂದರೆ ಹಳೇ ಎಚ್‌ಎಂವಿ, ಹಳೇ ಹಾಡುಗಳ ಕಣಜ. 2023ರಲ್ಲಿ ಝೀ ಮ್ಯೂಸಿಕ್ ಹಾಡುಗಳೂ ಹಾಗೇ ಕೆಲವು ತಿಂಗಳು ಮಾಯ. ಚಂದಾ ಮಾತ್ರ ಇದ್ದಷ್ಟೇ.

ಗೆಳೆಯನಿಗೆ ಆವತ್ತು ಈ ಹಂಡೆಯ ಲೆಕ್ಕ ಹೇಳಿದೆ. ಸೀರೆಗೆ ಫಾಲ್ ಹಚ್ಚುತ್ತಾ ಕೇಳಿಸಿಕೊಂಡ.

"ಅಂದ್ರೆ ನಾನು ಹೊಲಿದಿದ್ದಕ್ಕೆ ನೀನು ಕೊಟ್ಟ ಕೂಲಿ, ಊರಲ್ಲಿ ಜಾಸ್ತಿ ಹೊಲಿಯೋ ಟೈಲರ್‌ಗೆ ಹೋದಂಗೆ."

"ಹೂಂ ಕಣೋ, ಅದೇ."

"ಮತ್ತೆ ಯಾಕೆ ಕಟ್ತೀಯಾ?"

ಟ್ರೇನಲ್ಲಿ ಕೇಳೋಕೆ ಅಂದೆ. ಪ್ಯಾಂಟು ಮಡಚಿ ಕವರಿಗೆ ಹಾಕಿದ. ಎಷ್ಟಾಯ್ತು ಅಂದರೆ, ನೂರಿಪ್ಪತ್ತು ಕೊಡು ಅಂದ. ಸ್ಕ್ಯಾನ್ ಮಾಡುತ್ತಿದ್ದಾಗ ಹಲಗೆ ಮೇಲಿನ ಫೋನಲ್ಲಿ ಮತ್ತೆ ಜಾಹೀರಾತು ಬಂತು. ಕಿರುಬೆರಳು ಹೋಯಿತು, ಸ್ಕಿಪ್.

"ಹಾಡು ಕೇಳಿಸಿದ್ದಕ್ಕೆ ಏನೂ ಬೇಡ ಬಿಡು" ಅಂದ.